ವಜೀಫಾ: ಕಲಿಯುವವರ ಪಾಲು

ನಮ್ಮ ನಾನಿ ಫಜ್ರ್ ನಮಾಜು ಮುಗಿಸಿ ಜಾನಿಮಾಜಿನ ಮೇಲೆಯೇ ಕುಳಿತು ತಸ್ಬೀಹ್ ಎಣಿಸುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಬಾಗಿಲಿಗೆ ಬಂದರೆ “ವಜೀಫಾ ಓದ್ತಿದ್ದಾರೆ, ಸ್ವಲ್ಪ ತಡೀರಿ” ಎಂದು ಮನೆಯವರು ಹೇಳುತ್ತಿದ್ದರು. ಪಕ್ಕದ ಗಲ್ಲಿಯಲ್ಲಿ ನಿಜಾಮರ ಕಾಲದಲ್ಲಿ ಗುಮಾಸ್ತರಾಗಿದ್ದ ಮುದುಕರೊಬ್ಬರಿದ್ದರು. ತಿಂಗಳಿಗೊಮ್ಮೆ ಬರುವ ಪಿಂಚಣಿಯನ್ನು ಅವರು ವಜೀಫಾ ಎಂದೇ ಕರೆಯುತ್ತಿದ್ದರು. ಉರ್ದು ಶಾಲೆಗೆ ಹೋದಾಗ ನಮಗೆ ಮೂರನೆಯ ವಜೀಫಾದ ಪರಿಚಯವಾಯಿತು. ಬಡ ಮಕ್ಕಳಿಗೆ ಸರ್ಕಾರ ಕೊಡುವ ಹಣ ಅದು. ಮುಂದೆ ಕನ್ನಡ ಹೈಸ್ಕೂಲಿನ ನೋಟೀಸು ಬೋರ್ಡಿನಲ್ಲಿ ಅದೇ ಹಣಕ್ಕೆ ‘ವಿದ್ಯಾರ್ಥಿ ವೇತನ’ ಎಂಬ ಹೆಸರಿತ್ತು.

ಒಂದು ಭಾಷೆ ಅದನ್ನು ವಜೀಫಾ ಎನ್ನುತ್ತದೆ. ಅಂದರೆ ಗೊತ್ತುಮಾಡಿಟ್ಟ ಪಾಲು, ನಿತ್ಯವೂ ತಪ್ಪದೆ ಮಾಡಬೇಕಾದ ಕೆಲಸ. ಇನ್ನೊಂದು ಭಾಷೆ ವೇತನ ಎನ್ನುತ್ತದೆ. ಅಂದರೆ ದುಡಿದುದಕ್ಕೆ ಸಿಗುವ ಕೂಲಿ. ಎರಡರಲ್ಲೂ ಭಿಕ್ಷೆಯ ಅರ್ಥವಿಲ್ಲ. ಆದರೆ ನಾವು ಎಂ.ಎ. ಓದುವಾಗ ಈ ಹಣದ ಬಗ್ಗೆ ಕೇಳಿದ ಮಾತು ಬೇರೆಯೇ ಆಗಿತ್ತು. ಹಾಸ್ಟೆಲಿನ ಮೆಸ್ ಬಾಕಿ ಬೆಳೆದು, ಹೆಸರು ಬೋರ್ಡಿಗೆ ಹತ್ತಿದ ದಿನ ನಾವು ಮೂವರು ಗೆಳೆಯರು ಸ್ಕಾಲರ್‌ಶಿಪ್ ವಿಚಾರಿಸಲು ಕಚೇರಿಗೆ ಹೋದೆವು. ಗುಮಾಸ್ತರು ತಲೆ ಎತ್ತದೆ, “ಧರ್ಮಕ್ಕೆ ಬರೋ ದುಡ್ಡು, ಅದಕ್ಕೂ ಇಷ್ಟು ಅವಸರ ಮಾಡ್ತೀರಲ್ಲಪ್ಪಾ” ಎಂದರು. ಹಣ ಬಂದದ್ದು ಪರೀಕ್ಷೆಯ ಫಲಿತಾಂಶ ಬಂದ ಮೇಲೆ. ಆ ವೇಳೆಗೆ ನಮ್ಮಲ್ಲೊಬ್ಬ ಓದು ಬಿಟ್ಟು ಅಣ್ಣನ ಟೈರ್ ಅಂಗಡಿ ಸೇರಿಯಾಗಿತ್ತು.

ಕನ್ನಡದಲ್ಲಿ ಪುಕ್ಕಟೆಯಾಗಿ ಸಿಗುವುದಕ್ಕೂ ‘ಧರ್ಮಕ್ಕೆ’ ಎನ್ನುತ್ತೇವೆ. ಉನ್ನತ ವ್ಯಾಸಂಗ ಮಾಡುವವನಿಗೆ ಸಮಾಜ ಕೊಡುವ ಹಣ ನಿಜಕ್ಕೂ ಧರ್ಮಕ್ಕೆ ಕೊಟ್ಟದ್ದೇ? ಇಪ್ಪತ್ತು ವರ್ಷಗಳಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಇತಿಹಾಸದ ಪುಟಗಳಲ್ಲಿ ಇದಕ್ಕೆ ಸಿಗುವ ಉತ್ತರ ಸ್ವಾರಸ್ಯಕರವಾಗಿದೆ.

ಬಗ್ದಾದಿನ ರೊಟ್ಟಿ

ಸಲ್ಜೂಕ್ ಸುಲ್ತಾನರ ವಜೀರನಾಗಿದ್ದ ನಿಜಾಮುಲ್ ಮುಲ್ಕ್ ಬಗ್ದಾದಿನಲ್ಲಿ ಕಟ್ಟಿಸಿದ ನಿಜಾಮಿಯಾ ಮದ್ರಸಾ 1067ರಲ್ಲಿ ಬಾಗಿಲು ತೆರೆಯಿತು. ಇಂದು ಮದ್ರಸಾ ಎಂದರೆ ಮಕ್ಕಳು ಅಲಿಫ್-ಬೇ ಕಲಿಯುವ ಜಾಗ ಎಂದು ಹಲವರು ತಿಳಿಯುತ್ತಾರೆ. ನಿಜಾಮಿಯಾ ಅಂಥದ್ದಲ್ಲ. ಕುರ್‌ಆನ್, ವ್ಯಾಕರಣ, ಹದೀಸ್‌ಗಳನ್ನು ಓದಿ ಮುಗಿಸಿದ ಯುವಕರು ನ್ಯಾಯಶಾಸ್ತ್ರದಲ್ಲಿ ವರ್ಷಗಟ್ಟಲೆ ಪರಿಣತಿ ಪಡೆಯಲು ಅಲ್ಲಿಗೆ ಬರುತ್ತಿದ್ದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಸ್ನಾತಕೋತ್ತರ ಕೇಂದ್ರ. ಅಲ್ಲಿ ಗುರುವಿಗೆ ಸಂಬಳವಿತ್ತು, ವಿದ್ಯಾರ್ಥಿಗೆ ಇರಲು ಕೋಣೆ ಮತ್ತು ಭತ್ಯೆ ಇತ್ತು. ಈ ಖರ್ಚಿಗೆಂದು ಆಸ್ತಿಗಳನ್ನು ವಕ್ಫ್ ಮಾಡಲಾಗಿತ್ತು. ಫಾರ್ಸಿಯ ಮಹಾಕವಿ ಶೇಖ್ ಸಾದಿ ತನಗೂ ನಿಜಾಮಿಯಾದಲ್ಲಿ ಭತ್ಯೆ ಸಿಗುತ್ತಿತ್ತೆಂದು ‘ಬೋಸ್ತಾನ್’ ಕೃತಿಯಲ್ಲಿ ಹೇಳಿಕೊಂಡಿದ್ದಾನೆ.

ಇಮಾಮ್ ಗಝಾಲಿಯವರ ಬಾಲ್ಯದ ಕಥೆ ಇಲ್ಲಿ ನೆನಪಾಗುತ್ತದೆ. 1058ರಲ್ಲಿ ತೂಸ್‌ನಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ತಂದೆ ಸಾಯುವ ಮುನ್ನ ಇಬ್ಬರು ಗಂಡುಮಕ್ಕಳನ್ನೂ ತನ್ನಲ್ಲಿದ್ದ ಅಲ್ಪ ಹಣವನ್ನೂ ಸೂಫಿ ಗೆಳೆಯನೊಬ್ಬನಿಗೆ ಒಪ್ಪಿಸಿದ್ದ. ಆ ಹಣ ತೀರಿದಾಗ ಗೆಳೆಯ ಮಕ್ಕಳನ್ನು ಕೂರಿಸಿಕೊಂಡು, ನಾನೂ ಬಡವ, ನೀವು ಮದ್ರಸಾ ಸೇರಿಬಿಡಿ, ಅಲ್ಲಿ ಕಲಿಯುವವರಿಗೆ ಹೊಟ್ಟೆಗೆ ಸಿಗುತ್ತದೆ ಎಂದು ಬುದ್ಧಿ ಹೇಳಿದನಂತೆ. ಹಾಗೆ ರೊಟ್ಟಿಯ ದಾರಿಯಿಂದ ವಿದ್ಯೆಗೆ ಬಂದ ಹುಡುಗ 1091ರಲ್ಲಿ ಬಗ್ದಾದಿನ ನಿಜಾಮಿಯಾದ ಮುಖ್ಯ ಪೀಠದಲ್ಲಿ ಕುಳಿತ. ಆ ಹುಡುಗನಿಗೆ ಅಂದು ರೊಟ್ಟಿ ಸಿಗದಿದ್ದರೆ ‘ಇಹ್ಯಾ’ದಂಥ ಮಹಾಗ್ರಂಥ ನಮಗೆ ಸಿಗುತ್ತಿತ್ತೇ ಎಂದು ಓದುಗರೇ ಯೋಚಿಸಲಿ.

ಅಂದೂ ಇದ್ದ ಅನುಮಾನ

ಎಲ್ಲರೂ ಈ ವ್ಯವಸ್ಥೆಯನ್ನು ಹೊಗಳಿದರೆಂದು ತಿಳಿಯಬೇಕಾಗಿಲ್ಲ. ನಿಜಾಮಿಯಾ ಆರಂಭವಾದ ದಿನ ಪಾಠ ಹೇಳಬೇಕಾಗಿದ್ದ ಅಬೂ ಇಸ್ಹಾಕ್ ಶೀರಾಜಿಯವರು ಬರಲೇ ಇಲ್ಲ. ಕಟ್ಟಡಕ್ಕಾಗಿ ಜನರಿಂದ ಅನ್ಯಾಯವಾಗಿ ಕಿತ್ತುಕೊಂಡದ್ದು ಅಲ್ಲಿ ಸೇರಿದೆ ಎಂಬ ಮಾತು ಅವರ ಕಿವಿಗೆ ಬಿದ್ದಿತ್ತು. ಬೇರೆ ವಿದ್ವಾಂಸರೊಬ್ಬರು ಇಪ್ಪತ್ತು ದಿನ ಪಾಠ ನಡೆಸಿದ ನಂತರವೇ ಶೀರಾಜಿಯವರ ಮನವೊಲಿಸಲು ಸಾಧ್ಯವಾಯಿತು. ಇನ್ನೊಂದು ಕಥೆ ಮಧ್ಯ ಏಷ್ಯಾದ ಉಲಮಾಗಳದ್ದು. ಓದುವವರಿಗೆ ಹಣ ಕೊಡುವ ಮದ್ರಸಾ ಆರಂಭವಾಯಿತೆಂಬ ಸುದ್ದಿ ಕೇಳಿ ಅವರು ವಿದ್ಯೆ ಸತ್ತುಹೋಯಿತೆಂದು ಶೋಕಸಭೆ ನಡೆಸಿದರಂತೆ. ಇನ್ನು ಮುಂದೆ ಅರ್ಹರ ಬದಲು ಹಣದಾಸೆಯವರೇ ವಿದ್ಯೆಗೆ ಬರುತ್ತಾರೆ ಎಂಬುದು ಅವರ ಭಯ.

ಸ್ವತಃ ಗಝಾಲಿಯವರೇ 1095ರಲ್ಲಿ ಆ ಪೀಠವನ್ನು ಬಿಟ್ಟು ಹೊರಟರು. ಹೆಬ್ರೋನಿನಲ್ಲಿ ಪ್ರವಾದಿ ಇಬ್ರಾಹೀಮರ ಸಮಾಧಿಯ ಬಳಿ ನಿಂತು, ಇನ್ನು ಮುಂದೆ ಯಾವ ಸುಲ್ತಾನನ ಬಳಿಗೂ ಹೋಗುವುದಿಲ್ಲ, ಅವನ ಹಣ ಮುಟ್ಟುವುದಿಲ್ಲ ಎಂದು ಪಣ ತೊಟ್ಟರು. ಕೊಡುವ ಕೈ ಒಂದು ದಿನ ಬಾಯಿಯನ್ನೂ ಮುಚ್ಚಿಸಬಲ್ಲದು ಎಂಬುದನ್ನು ದರ್ಬಾರನ್ನು ಹತ್ತಿರದಿಂದ ಕಂಡ ಅವರು ಬಲ್ಲವರಾಗಿದ್ದರು.

ಈ ಅನುಮಾನಗಳನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಹಣ ಕೊಡದೆ ಹೋದರೆ ಏನಾಗುತ್ತದೆ? ಅನ್ನಕ್ಕೆ ಚಿಂತೆಯಿಲ್ಲದ ಮನೆಯ ಮಕ್ಕಳು ಮಾತ್ರ ವಿದ್ವಾಂಸರಾಗುತ್ತಾರೆ. ನಮ್ಮ ನಾಡಿನಲ್ಲಿ ವಾರಾನ್ನದ ಪದ್ಧತಿ ಇತ್ತು. ಬಡ ಹುಡುಗ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುತ್ತಿದ್ದ. ಕರಾವಳಿಯ ಮಸೀದಿಗಳ ದರ್ಸ್‌ನಲ್ಲಿ ಕಲಿಯುವ ಮುತಅಲ್ಲಿಮರಿಗೂ ಮೊಹಲ್ಲಾದ ಮನೆಗಳಲ್ಲೇ ಊಟ. ಎಷ್ಟೋ ಮನೆಗಳ ತಾಯಂದಿರು ತಮ್ಮ ಮಕ್ಕಳಿಗೆ ಬಡಿಸುವ ಮುನ್ನ ಈ ಮಕ್ಕಳಿಗೆ ಬಡಿಸಿದ್ದಾರೆ. ಆದರೂ ಇನ್ನೊಬ್ಬರ ಮನೆಯ ಬಾಗಿಲಲ್ಲಿ ನಿಲ್ಲುವ ಹುಡುಗನ ಸಂಕೋಚ ಉಂಡವನಿಗೇ ಗೊತ್ತು. ಆ ಸಂಕೋಚದಿಂದ ಅವನನ್ನು ಬಿಡಿಸುವುದು ಬರಹದಲ್ಲಿರುವ ಪಾಲು. ಅವನು ಯಾರ ಮುಖವನ್ನೂ ನೋಡಬೇಕಾಗಿಲ್ಲ, ಕಾಗದವನ್ನು ತೋರಿಸಿದರೆ ಸಾಕು.

ಅರವತ್ತೆರಡರ ಲೆಕ್ಕ

ಆ ಕಾಗದದ ಮಹತ್ವವನ್ನು ಅರಿಯಲು ಬಗ್ದಾದಿನ ಇನ್ನೊಂದು ಮದ್ರಸಾವನ್ನು ನೋಡಬೇಕು. ಖಲೀಫ ಮುಸ್ತನ್‌ಸಿರ್ ಟೈಗ್ರಿಸ್ ನದಿಯ ದಡದಲ್ಲಿ ಕಟ್ಟಿಸಿದ ಮುಸ್ತನ್‌ಸಿರಿಯಾ 1234ರಲ್ಲಿ ಆರಂಭವಾಯಿತು. ನಿಜಾಮಿಯಾದ ಪಾಲು ಶಾಫಿಈ ಪಂಥದವರಿಗೆ ಮಾತ್ರ ಮೀಸಲಾಗಿತ್ತು. ಮುಸ್ತನ್‌ಸಿರಿಯಾದಲ್ಲಿ ಹನಫಿ, ಶಾಫಿಈ, ಮಾಲಿಕಿ, ಹಂಬಲಿ ಎಂಬ ನಾಲ್ಕೂ ಪಂಥಗಳಿಗೆ ತಲಾ 62ರಂತೆ ಒಟ್ಟು 248 ನ್ಯಾಯಶಾಸ್ತ್ರ ವಿದ್ಯಾರ್ಥಿಗಳಿಗೆ ಜಾಗವಿತ್ತು. ಅವರಿಗೆ ದಿನವೂ ಅಡುಗೆಮನೆಯಿಂದ ರೊಟ್ಟಿ ಮತ್ತು ಬೇಯಿಸಿದ ಆಹಾರ, ತಿಂಗಳಿಗೆ ಒಂದು ಚಿನ್ನದ ದೀನಾರ್ ಸಿಗುತ್ತಿತ್ತು. ದೀಪದ ಎಣ್ಣೆ, ಕಾಗದ, ಲೇಖನಿಗಳಿಗೂ ವ್ಯವಸ್ಥೆ ಇತ್ತು. ಗ್ರಂಥಾಲಯ, ಸ್ನಾನಗೃಹ, ಆಸ್ಪತ್ರೆಗಳೂ ಇದ್ದವು.

ಯಾವ ಪಂಥವೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ ಎಂಬ ಈ ಅರವತ್ತೆರಡರ ಲೆಕ್ಕವನ್ನು ಗಮನಿಸಬೇಕು. ಎಂಟು ಶತಮಾನಗಳ ಹಿಂದೆಯೇ ಪಾಲು ಹಂಚುವಾಗ ಅಂಕಿಗಳನ್ನು ಗೊತ್ತುಮಾಡಿ ಇಟ್ಟಿದ್ದರು. ಹೆಣ್ಣುಮಕ್ಕಳಿಗೆ ಆ 248ರಲ್ಲಿ ಒಂದು ಜಾಗವೂ ಇರಲಿಲ್ಲ ಎಂಬುದನ್ನೂ ನಾವು ಮುಚ್ಚಿಡಬಾರದು. ಹದೀಸ್ ವಿದ್ಯೆಯಲ್ಲಿ ಹೆಸರಾದ ಮಹಿಳೆಯರು ಆ ಕಾಲದಲ್ಲಿದ್ದರು, ಗಂಡಸರಿಗೂ ಪಾಠ ಹೇಳಿದ್ದರು. ಆದರೆ ಭತ್ಯೆಯ ಪಟ್ಟಿಯಲ್ಲಿ ಅವರ ಹೆಸರಿಲ್ಲ.

1258ರಲ್ಲಿ ಮಂಗೋಲರು ಬಗ್ದಾದನ್ನು ಹಾಳುಗೆಡವಿದರು. ಅಲ್ಲಿನ ಖಲೀಫರ ಆಳ್ವಿಕೆ, ಅರಮನೆ, ದರ್ಬಾರು ಎಲ್ಲ ಮುಗಿಯಿತು. ಆದರೂ 1327ರಲ್ಲಿ ಇಬ್ನ್ ಬತೂತಾ ಬಗ್ದಾದಿಗೆ ಬಂದಾಗ ಮುಸ್ತನ್‌ಸಿರಿಯಾದಲ್ಲಿ ನಾಲ್ಕು ಪಂಥಗಳ ಪಾಠಗಳೂ ನಡೆಯುತ್ತಿದ್ದವು. ಕೊಟ್ಟವನು ಹೋದರೂ ಕೊಟ್ಟದ್ದು ಉಳಿಯಿತು. ವಕ್ಫ್ ಮಾಡಿದವನು ಬರೆದಿಟ್ಟ ಶರತ್ತಿಗೆ ಧರ್ಮಶಾಸ್ತ್ರದ ವಚನದಷ್ಟೇ ಬೆಲೆ ಎಂಬುದು ಫಿಕ್ಹ್ ಪಂಡಿತರ ಪ್ರಸಿದ್ಧ ಸೂತ್ರ. ಒಮ್ಮೆ ಬರೆದ ಮೇಲೆ ಆಸ್ತಿ ದಾನಿಯದ್ದೂ ಅಲ್ಲ, ದೊರೆಯದ್ದೂ ಅಲ್ಲ. ಕಾಗದವನ್ನು ಮೀರಿದ ಮುತವಲ್ಲಿಗಳು, ವಕ್ಫ್ ನುಂಗಿದ ಸರದಾರರು ಎಲ್ಲ ಕಾಲದಲ್ಲೂ ಇದ್ದರು. ಆದರೆ ಅದನ್ನು ಕಳವು ಎಂದು ಕರೆಯಲು ಜನರ ಕೈಯಲ್ಲಿ ಒಂದು ಬರಹವಿತ್ತು.

ಬೀದರಿನ ಒಂಟಿ ಮಿನಾರು

ಈ ಪರಂಪರೆ ಕಡಲು ದಾಟಿ ನಮ್ಮ ಕನ್ನಡ ನೆಲಕ್ಕೂ ಬಂತು. ಇರಾನಿನ ಗೀಲಾನ್ ಪ್ರಾಂತದಿಂದ ಬಂದ ಖ್ವಾಜಾ ಮಹಮೂದ್ ಗಾವಾನ್ ಬಹಮನಿ ರಾಜ್ಯದ ವಜೀರನಾಗಿ 1472ರಲ್ಲಿ ಬೀದರಿನಲ್ಲಿ ಮದ್ರಸಾ ಕಟ್ಟಿಸಿದ. ಮೂರು ಅಂತಸ್ತು, ಬಣ್ಣದ ಹೆಂಚುಗಳ ಗೋಡೆ, ಗುರುಗಳಿಗೂ ವಿದ್ಯಾರ್ಥಿಗಳಿಗೂ ಕೋಣೆಗಳು, ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುವ ಗ್ರಂಥಾಲಯ. ಅಲ್ಲಿ ಕಲಿಯುವವರಿಗೆ ಊಟ, ವಸತಿ ಉಚಿತವಾಗಿತ್ತೆಂದು ಇತಿಹಾಸಕಾರರು ಬರೆದಿದ್ದಾರೆ. ಗಾವಾನ್ ಸ್ವತಃ ವ್ಯಾಪಾರಿ. ರಾಜ್ಯದ ಬೊಕ್ಕಸ ಕೈಯಲ್ಲಿದ್ದರೂ ತನ್ನ ಊಟಕ್ಕೆ ವ್ಯಾಪಾರದ ಲಾಭವನ್ನೇ ಬಳಸುತ್ತಿದ್ದನೆಂಬ ಪ್ರತೀತಿ ಇದೆ.

1481ರಲ್ಲಿ ದರ್ಬಾರಿನ ಶತ್ರುಗಳು ಸೃಷ್ಟಿಸಿದ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನ ಮೂರನೆಯ ಮುಹಮ್ಮದ್ ಶಾ ಅವನ ತಲೆ ತೆಗೆಸಿದ. ಒಂದು ಕಾಗದ ಕಟ್ಟಿದ್ದನ್ನು ಇನ್ನೊಂದು ಕಾಗದ ಕೆಡವಿತು ಎನ್ನೋಣವೇ? ಮದ್ರಸಾ ಮಾತ್ರ ಅವನ ನಂತರವೂ ಬಾಳಿತು. ಮೊಗಲರು ಬೀದರನ್ನು ಗೆದ್ದ ಮೇಲೆ ಅದರ ಕೋಣೆಗಳಲ್ಲಿ ಸೈನಿಕರು ಬೀಡುಬಿಟ್ಟರು, ಮದ್ದುಗುಂಡು ತುಂಬಿದರು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಆ ಮದ್ದು ಸಿಡಿದು ಕಟ್ಟಡದ ಮುಂಭಾಗದ ಅರ್ಧ ಹಾರಿಹೋಯಿತು. ಬೀದರಿಗೆ ಹೋದಾಗಲೆಲ್ಲ ಉಳಿದ ಒಂದೇ ಮಿನಾರಿನ ಎದುರು ನಾವು ಸ್ವಲ್ಪ ಹೊತ್ತು ನಿಲ್ಲುತ್ತೇವೆ. ಪುಸ್ತಕ ಇಡುವ ಕಡೆ ಮದ್ದುಗುಂಡು ಇಟ್ಟರೆ ಏನಾಗುತ್ತದೆ ಎಂಬುದನ್ನು ಆ ಮಿನಾರಿಗಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು.

ದೊರೆಯ ಕೃಪೆ, ಹುಡುಗರ ಫರ್ಜ್

ಬ್ರಿಟಿಷರ ಕಾಲಕ್ಕೆ ಉನ್ನತ ವಿದ್ಯೆಯ ಭಾಷೆ ಇಂಗ್ಲಿಷ್ ಆಯಿತು, ಅದರ ಊರು ಲಂಡನ್ ಆಯಿತು. ಹಡಗಿನ ಟಿಕೆಟ್ಟು, ಕಾಲೇಜಿನ ಫೀಸು, ಚಳಿಗೆ ಕೋಟು ಎಲ್ಲಕ್ಕೂ ಹಣ ಬೇಕು. ಆಗ ಮೂರು ಬಗೆಯ ಕೈಗಳು ಮುಂದೆ ಬಂದವು.

ಒಂದು ದೇಶೀ ಸಂಸ್ಥಾನದ ದೊರೆಗಳ ಕೈ. 1895ರಲ್ಲಿ ಹದಿನಾರು ವರ್ಷದ ಸರೋಜಿನಿ, ಮುಂದೆ ಸರೋಜಿನಿ ನಾಯ್ಡು ಆದವರು, ಹೈದರಾಬಾದಿನ ನಿಜಾಮರ ವಜೀಫಾ ಪಡೆದು ಇಂಗ್ಲೆಂಡಿಗೆ ಹೋದರು. ಬಗ್ದಾದಿನ ಪಟ್ಟಿಯಲ್ಲಿ ಇಲ್ಲದ ಹೆಣ್ಣಿನ ಹೆಸರು ಹೈದರಾಬಾದಿನ ಪಟ್ಟಿಗೆ ಬಂದಿತ್ತು. ಎರಡನೆಯದು ಉದ್ಯಮಿಗಳ ಕೈ. ಜೆಮ್‌ಶೆಟ್‌ಜಿ ಟಾಟಾ 1892ರಲ್ಲಿ ಸ್ಥಾಪಿಸಿದ ನಿಧಿ ವಿದೇಶ ವ್ಯಾಸಂಗಕ್ಕೆ ಸಾಲದ ರೂಪದಲ್ಲಿ ನೆರವು ಕೊಟ್ಟಿತು. ತಿರುವಾಂಕೂರಿನ ಬಡ ದಲಿತ ಕುಟುಂಬದ ಕೆ.ಆರ್. ನಾರಾಯಣನ್ 1945ರಲ್ಲಿ ಲಂಡನ್ನಿಗೆ ಹೋದದ್ದು ಇದರ ಬಲದಿಂದ. ಅವರು ಮುಂದೆ ರಾಷ್ಟ್ರಪತಿಯಾದರು.

ಮೂರನೆಯದು ವಿದ್ಯಾರ್ಥಿಗಳದೇ ಕೈ. ಸರ್ ಸಯ್ಯದರು ಕಟ್ಟಿದ ಅಲಿಗಢ ಕಾಲೇಜಿನ ಹುಡುಗರು 1890ರ ಸುಮಾರಿಗೆ ‘ಅಂಜುಮನುಲ್ ಫರ್ಜ್’ ಎಂಬ ಸಂಘ ಕಟ್ಟಿಕೊಂಡರು. ಫರ್ಜ್ ಎಂದರೆ ಕರ್ತವ್ಯ. ರಜೆ ಬಂದಾಗ ಮನೆಗೆ ಹೋಗಿ ಹಾಯಾಗಿರುವ ಬದಲು ಊರೂರು ಅಲೆದು, ಬಡ ಸಹಪಾಠಿಗಳ ಓದಿಗಾಗಿ ಚಂದಾ ಎತ್ತಿದರು. ಶ್ರೀಮಂತರ ಮನೆಯ ಹುಡುಗರೂ ಜೋಳಿಗೆ ಹಿಡಿದರು. ಸಹಾಯಕ್ಕೆ ಖೈರಾತ್ ಎಂದಾಗಲಿ ಮೆಹರ್‌ಬಾನಿ ಎಂದಾಗಲಿ ಹೆಸರಿಡದೆ ಫರ್ಜ್ ಎಂದು ಹೆಸರಿಟ್ಟ ಆ ಹುಡುಗರ ವಿವೇಕಕ್ಕೆ ನಾವು ತಲೆಬಾಗುತ್ತೇವೆ.

ಹನ್ನೊಂದೂವರೆ ಪೌಂಡ್

ದೊರೆಯ ವಜೀಫಾದ ಶಕ್ತಿಯೂ ಮಿತಿಯೂ ಒಟ್ಟಿಗೆ ಕಾಣುವುದು ಡಾ. ಅಂಬೇಡ್ಕರರ ಬದುಕಿನಲ್ಲಿ. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಅವರಿಗೆ ಅಮೆರಿಕದಲ್ಲಿ ಓದಲು ತಿಂಗಳಿಗೆ 11.5 ಪೌಂಡಿನಂತೆ 3 ವರ್ಷದ ವಿದ್ಯಾರ್ಥಿ ವೇತನ ಕೊಟ್ಟರು. ಓದು ಮುಗಿಸಿ ಬಂದು 10 ವರ್ಷ ಸಂಸ್ಥಾನದ ಸೇವೆ ಮಾಡುವುದಾಗಿ ಅವರಿಂದ ಕರಾರು ಬರೆಸಿಕೊಳ್ಳಲಾಯಿತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು ಹೊಟ್ಟೆ ಕಟ್ಟಿ ಓದಿದರು. ಉಳಿಸಿದ್ದರಲ್ಲಿ ಮನೆಗೆ ಕಳಿಸಿದರು, ಹಳೆಯ ಪುಸ್ತಕಗಳನ್ನು ಕೊಂಡರು. 1915ರಲ್ಲಿ ಎಂ.ಎ. ಮುಗಿಸಿದರು. 1916ರ ಮೇ ತಿಂಗಳಲ್ಲಿ ಅಲ್ಲಿನ ವಿಚಾರಗೋಷ್ಠಿಯಲ್ಲಿ ಭಾರತದ ಜಾತಿಗಳ ಹುಟ್ಟಿನ ಬಗ್ಗೆ ಪ್ರಬಂಧ ಓದಿದರು. ಹನ್ನೊಂದೂವರೆ ಪೌಂಡಿನ ಮೊದಲ ಫಸಲು ಅದು.

ಅಲ್ಲಿಂದ ಲಂಡನ್ನಿಗೆ ಹೋಗಿ ಓದು ಆರಂಭಿಸಿದರು. ಅಷ್ಟರಲ್ಲಿ ವೇತನದ ಅವಧಿ ಮುಗಿಯಿತು. ಅರ್ಧ ಓದನ್ನು ಬಿಟ್ಟು 1917ರಲ್ಲಿ ಮರಳಬೇಕಾಯಿತು. ಕರಾರಿನಂತೆ ಬರೋಡಾಕ್ಕೆ ಹೋದರೆ ಆ ಊರಿನಲ್ಲಿ ಅಸ್ಪೃಶ್ಯನಿಗೆ ಬಾಡಿಗೆ ಮನೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಹೆಸರು ಮರೆಸಿ ಉಳಿದುಕೊಂಡರು. ಗೊತ್ತಾದಾಗ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ಮಹಾರಾಜ ಓದಲು ಹಣ ಕೊಡಬಲ್ಲವನಾಗಿದ್ದ, ಮಲಗಲು ಒಂದು ಕೋಣೆ ಕೊಡಿಸಲು ಅವನ ರಾಜ್ಯಕ್ಕೆ ಆಗಲಿಲ್ಲ.

ಮುಂಬಯಿಯಲ್ಲಿ ಪಾಠ ಹೇಳಿ ಉಳಿಸಿದ ಹಣ, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಪಾರ್ಸಿ ಗೆಳೆಯ ನವಲ್ ಭಥೇನಾ ಅವರ ಸಾಲ, ಇವನ್ನೆಲ್ಲ ಕೂಡಿಸಿಕೊಂಡು ಅವರು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ರೂಪಾಯಿಯ ಸಮಸ್ಯೆಯ ಬಗೆಗಿನ ಅವರ ಪ್ರಬಂಧಕ್ಕೆ 1923ರಲ್ಲಿ ಡಿ.ಎಸ್ಸಿ. ದೊರೆಯಿತು. ಒಬ್ಬ ಪಾರ್ಸಿ ಛತ್ರದಿಂದ ಹೊರಹಾಕಿದರೆ ಇನ್ನೊಬ್ಬ ಪಾರ್ಸಿ ಕೈಹಿಡಿದ ಎಂಬುದನ್ನು ಸಮುದಾಯಗಳ ಬಗ್ಗೆ ಒಂದೇ ಉಸಿರಿಗೆ ತೀರ್ಪು ಕೊಡುವವರು ನೆನಪಿಡಬೇಕು.

ಆದರೆ ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಮುಂದಿನ ಹೆಜ್ಜೆ. 1942ರಲ್ಲಿ ವೈಸರಾಯ್ ಮಂಡಳಿಯ ಸದಸ್ಯರಾದಾಗ ಅಂಬೇಡ್ಕರರು ಪರಿಶಿಷ್ಟ ಜಾತಿಯ ಮಕ್ಕಳ ಉನ್ನತ ಶಿಕ್ಷಣಕ್ಕೆ ಸರ್ಕಾರವೇ ಹಣ ಇಡಬೇಕೆಂದು ಒತ್ತಾಯಿಸಿದರು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿ ವೇತನ ಯೋಜನೆ ಆರಂಭವಾಯಿತು. ಒಬ್ಬ ದೊರೆಯ ಕೃಪೆಯಿಂದ ಓದಿದವರು ಮುಂದಿನವರಿಗೆ ಯಾವ ದೊರೆಯ ಕೃಪೆಯೂ ಬೇಕಾಗದಂತೆ ಅದನ್ನು ಬಜೆಟ್ಟಿನ ಒಂದು ಸಾಲಾಗಿ ಮಾಡಿದರು. ಪಡೆದವನು ವಜೀಫಾದ ಋಣ ತೀರಿಸಿದ್ದು ಹೀಗೆ.

ಒಂದು ಸಾಲು ಅಳಿಸಿದಾಗ

ಸ್ವಾತಂತ್ರ್ಯದ ನಂತರ ಈ ಸಾಲುಗಳು ಹೆಚ್ಚಿದವು. 1963ರಲ್ಲಿ ಯು.ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿ ವೇತನ ಪಡೆದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋದರು. ಪಿಎಚ್.ಡಿ. ಮಾಡುತ್ತಲೇ ಅಲ್ಲಿ ‘ಸಂಸ್ಕಾರ’ ಕಾದಂಬರಿ ಬರೆದರು. ಇಂಗ್ಲಿಷ್ ಸಾಹಿತ್ಯದ ಓದಿಗೆ ಕೊಟ್ಟ ಹಣ ಕನ್ನಡಕ್ಕೊಂದು ಕಾದಂಬರಿ ಕೊಟ್ಟಿತು. ವಿದ್ಯೆಗೆ ಹಾಕಿದ ಹಣ ಎಲ್ಲಿ ಮೊಳೆಯುತ್ತದೆಂದು ಹಾಕಿದವರಿಗೂ ಗೊತ್ತಿರುವುದಿಲ್ಲ. 1984ರಲ್ಲಿ ಯುಜಿಸಿ ರಾಷ್ಟ್ರಮಟ್ಟದ ಪರೀಕ್ಷೆಯೊಂದನ್ನು ಆರಂಭಿಸಿ, ಅದರ ಮೂಲಕ ಸಂಶೋಧಕರಿಗೆ ಜೆ.ಆರ್.ಎಫ್. ಕೊಡತೊಡಗಿತು. 2023ರ ಜನವರಿಯಿಂದ ಅದರ ಮೊತ್ತ ತಿಂಗಳಿಗೆ 37,000 ರೂಪಾಯಿ ಆಯಿತು.

2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿ ನಮ್ಮ ಸಮುದಾಯದ ಮುಂದೆ ಕನ್ನಡಿ ಹಿಡಿಯಿತು. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ಜನರಲ್ಲಿ ಒಬ್ಬ ಮುಸ್ಲಿಮ್, ಸ್ನಾತಕೋತ್ತರಕ್ಕೆ ಬಂದರೆ 50ರಲ್ಲಿ ಒಬ್ಬ. ಮೆಟ್ಟಿಲು ಏರಿದಂತೆ ನಮ್ಮವರು ಅರ್ಧಕ್ಕರ್ಧ ಕಾಣೆಯಾಗುತ್ತಿದ್ದರು. ಅದರ ನಂತರ 2009ರಲ್ಲಿ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಆರಂಭವಾಯಿತು. ಎಂ.ಫಿಲ್., ಪಿಎಚ್.ಡಿ. ಮಾಡುವ ಮುಸ್ಲಿಮ್, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ, ಮುಂದೆ ಜೈನ ವಿದ್ಯಾರ್ಥಿಗಳೂ ಅದರ ಪ್ರಯೋಜನ ಪಡೆದರು. ಮನೆಯವರು ಮದುವೆಯ ಮಾತೆತ್ತಿದಾಗ ‘ನನಗೆ ಫೆಲೋಶಿಪ್ ಬರುತ್ತಿದೆ’ ಎಂಬ ಒಂದು ಮಾತಿನಿಂದ ಓದಲು ಐದು ವರ್ಷ ಗಳಿಸಿಕೊಂಡ ಹೆಣ್ಣುಮಕ್ಕಳನ್ನು ನಾವು ಬಲ್ಲೆವು.

2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆ ಫೆಲೋಶಿಪ್ಪನ್ನು ನಿಲ್ಲಿಸುತ್ತಿರುವುದಾಗಿ ಲೋಕಸಭೆಯಲ್ಲಿ ತಿಳಿಸಿತು. ಇದು ಬೇರೆ ಯೋಜನೆಗಳೊಂದಿಗೆ ಒಂದರ ಮೇಲೊಂದು ಬೀಳುತ್ತದೆ ಎಂಬುದು ಕೊಟ್ಟ ಕಾರಣ. ಆದರೆ ಒಬ್ಬನೇ ಎರಡು ಫೆಲೋಶಿಪ್ ಪಡೆಯಲು ನಿಯಮದಲ್ಲೇ ಅವಕಾಶವಿರಲಿಲ್ಲ. ಯೋಜನೆಗಳು ಒಂದರ ಮೇಲೊಂದು ಬೀಳಬಹುದು, ತಟ್ಟೆಗಳು ಬೀಳುವುದಿಲ್ಲ. ಒಂದು ತಟ್ಟೆ ತೆಗೆದರೆ ಒಬ್ಬ ಉಪವಾಸ ಏಳುತ್ತಾನೆ.

ಇದು ಒಂದು ಸಮುದಾಯದ ದೂರು ಮಾತ್ರವೂ ಅಲ್ಲ. 2015ರಲ್ಲಿ ನೆಟ್ ಇಲ್ಲದ ಸಂಶೋಧಕರಿಗೆ ಕೊಡುತ್ತಿದ್ದ 5,000 ಮತ್ತು 8,000 ರೂಪಾಯಿಗಳನ್ನು ನಿಲ್ಲಿಸಲು ಯುಜಿಸಿ ಹೊರಟಾಗ ಎಲ್ಲ ಜಾತಿ ಧರ್ಮದ ವಿದ್ಯಾರ್ಥಿಗಳು ದೆಹಲಿಯ ಬೀದಿಗಿಳಿದರು. 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಪ್ರಾಣ ಕಳೆದುಕೊಂಡ ರೋಹಿತ್ ವೇಮುಲ ತನ್ನ ಕೊನೆಯ ಪತ್ರದಲ್ಲೂ ಲೆಕ್ಕ ಬರೆದಿಟ್ಟಿದ್ದ. ಏಳು ತಿಂಗಳ ಫೆಲೋಶಿಪ್ ಬಾಕಿ ಇದೆ, 1 ಲಕ್ಷ 75 ಸಾವಿರ ರೂಪಾಯಿ, ಅದು ಮನೆಯವರಿಗೆ ತಲುಪಲಿ ಎಂದು ಕೋರಿದ್ದ. ಅವನು ಭಿಕ್ಷೆ ಕೇಳಲಿಲ್ಲ, ತನ್ನ ಪಾಲಿನ ಬಾಕಿ ಕೇಳಿದ್ದ.

ನಮ್ಮ ಪಾಲಿನ ಕೆಲಸ

ಸರ್ಕಾರವನ್ನು ಕೇಳುವುದು ನಮ್ಮ ಹಕ್ಕು, ಕೇಳುತ್ತಲೇ ಇರಬೇಕು. ಆದರೆ ಕನ್ನಡಿಯನ್ನು ನಮ್ಮ ಕಡೆಗೂ ತಿರುಗಿಸೋಣ. ನಮ್ಮಲ್ಲಿ ಮಸೀದಿಗೆ ಅಮೃತಶಿಲೆ ಹಾಸಲು ಒಂದೇ ಶುಕ್ರವಾರ ಚಂದಾ ಕೂಡುತ್ತದೆ. ರಂಜಾನಿನಲ್ಲಿ ಝಕಾತ್ ಹಂಚುತ್ತೇವೆ, ಹೈಸ್ಕೂಲು ಮಕ್ಕಳಿಗೆ ನೋಟುಪುಸ್ತಕ ಕೊಟ್ಟು ಫೋಟೋ ತೆಗೆಸುತ್ತೇವೆ. ಅವೆಲ್ಲ ಇರಲಿ. ಆದರೆ ಒಬ್ಬ ಹುಡುಗಿ ರಸಾಯನಶಾಸ್ತ್ರದಲ್ಲೋ ಹಳಗನ್ನಡದಲ್ಲೋ ಐದು ವರ್ಷ ಸಂಶೋಧನೆ ಮಾಡುತ್ತೇನೆ ಎಂದರೆ, ತಿಂಗಳು ತಿಂಗಳು ತಪ್ಪದೆ ಅವಳ ಫೀಸು, ಬಾಡಿಗೆ, ಊಟದ ಖರ್ಚು ನೋಡುವ ಜಮಾತುಗಳು ಎಷ್ಟಿವೆ? ಒಮ್ಮೆ ಕೊಟ್ಟು ಸನ್ಮಾನ ಮಾಡುವುದು ಸುಲಭ. ಅರವತ್ತು ತಿಂಗಳು ಸದ್ದಿಲ್ಲದೆ ಕೊಡುವುದು ಕಷ್ಟ.

ನಮ್ಮ ಊರುಗಳಲ್ಲಿ ವಕ್ಫ್ ಅಂಗಡಿ ಮಳಿಗೆಗಳಿವೆ, ಹಳೆಯ ಬಾಡಿಗೆಯಲ್ಲೇ ನಡೆಯುತ್ತಿರುವವು ಎಷ್ಟೋ. ಒಂದೊಂದು ಊರಿನಲ್ಲಿ ಒಂದೊಂದು ಮಳಿಗೆಯ ಬಾಡಿಗೆಯನ್ನು, ವಕ್ಫಿನ ಶರತ್ತಿಗೆ ಭಂಗ ಬಾರದಂತೆ, ಸಂಶೋಧನೆ ಮಾಡುವ ಒಬ್ಬರಿಗೆ ಗೊತ್ತುಮಾಡಲು ಆಗದೇ? ಎಷ್ಟು ಜನ, ಎಷ್ಟು ಹಣ, ಎಷ್ಟು ವರ್ಷ ಎಂದು ಮುಸ್ತನ್‌ಸಿರಿಯಾದಲ್ಲಿ ಬರೆದಿಟ್ಟಂತೆ ಬರೆದಿಡಬೇಕು. ಅಧ್ಯಕ್ಷರು ಬದಲಾದರೂ ಕಾಗದ ಬದಲಾಗಬಾರದು. ಪಡೆಯುವವರ ಪಟ್ಟಿಯಲ್ಲಿ ಹೆಣ್ಣುಮಕ್ಕಳು ಮೊದಲ ದಿನದಿಂದಲೇ ಇರಬೇಕು. ನೆರೆಮನೆಯ ಬಡ ಹಿಂದೂ ಹುಡುಗನಿಗೂ ಅದರಲ್ಲಿ ಜಾಗ ಸಿಗುವಂತಾದರೆ ಇನ್ನೂ ಒಳ್ಳೆಯದು. ಪಡೆದವರೂ ನೆನಪಿಡಬೇಕಾದದ್ದಿದೆ. ವಜೀಫಾ ಎಂದರೆ ನಿತ್ಯ ತಪ್ಪದೆ ಮಾಡಬೇಕಾದ ಕೆಲಸವೂ ಹೌದು. ಹಣ ಪಡೆದು ಓದದೆ ಕಾಲ ಕಳೆದರೆ ಮಧ್ಯ ಏಷ್ಯಾದ ಆ ಉಲಮಾಗಳ ಶೋಕಸಭೆ ನಮ್ಮ ಮನೆಯಲ್ಲೇ ನಡೆಯುತ್ತದೆ.

ಟೈರ್ ಅಂಗಡಿ ಸೇರಿದ ನಮ್ಮ ಗೆಳೆಯ ಈಗ ಅದೇ ಅಂಗಡಿಯ ಮಾಲೀಕ. ಕೆಳಗಿನ ವರ್ಷ ಅವನ ಮಗಳು ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಅರ್ಜಿ ಹಾಕಿದಳು. ಅವನು ಅರ್ಜಿಯ ಹಾಳೆಗಳನ್ನು ನಮಗೆ ತೋರಿಸುತ್ತ, “ಫೆಲೋಶಿಪ್ ಬಂದರೂ ಸರಿ, ಬರದಿದ್ದರೂ ಸರಿ, ಈಕೆಯ ಓದು ನಿಲ್ಲಿಸೋದಿಲ್ಲ. ಆದರೆ ನನ್ನ ಅಂಗಡಿಯಲ್ಲಿ ಕೆಲಸ ಮಾಡೋ ಹುಡುಗನ ತಂಗಿ ಇವಳಿಗಿಂತ ಜಾಣೆ. ಅವಳಿಗೆ ಯಾರು ಕೊಡ್ತಾರೆ ಭಾಯಿ?” ಎಂದ.

ಅಂದು ಗುಮಾಸ್ತರಿಗೆ ಕೊಡಲಾಗದ ಉತ್ತರ ಈಗ ನಮಗೆ ಗೊತ್ತಿದೆ. ಅದು ಧರ್ಮಕ್ಕೆ ಬರುವ ದುಡ್ಡಲ್ಲ ಸ್ವಾಮಿ, ಪಾಲು. ಆದರೆ ಗೆಳೆಯನ ಪ್ರಶ್ನೆಗೆ ಬರಿಯ ಮಾತಿನ ಉತ್ತರ ಸಾಲದು. ಮುಂದಿನ ಜಮಾತ್ ಸಭೆಗೆ ಹೋಗುವಾಗ ನಾವಿಬ್ಬರೂ ಒಂದು ಕಾಗದ ಬರೆದುಕೊಂಡು ಹೋಗುವುದೆಂದು ತೀರ್ಮಾನಿಸಿದ್ದೇವೆ. ಅದರಲ್ಲಿ ಸದ್ಯಕ್ಕೆ ಇರುವುದು ಒಂದು ಹೆಸರು, ಒಂದು ಮೊತ್ತ, ಐದು ವರ್ಷ.